ನೋಡಿದ ಕೂಲಿ ಮೂರು ರೂಪಾಯಿ

ಮೊನ್ನೆ ನನ್ನ ಅಳಿಯನ ಕಾರನ್ನು ತುಮಕೂರಿನ ಒಂದು ದೊಡ್ಡ ಷೋರೂಮಿಗೆ ಬಿಟ್ಟಿದ್ದೆವು. ಸಂಜೆ ಬಿಲ್ಲು ಬಂತು. ಮೊದಲನೇ ಸಾಲಿನಲ್ಲೇ ‘ಪರಿಶೀಲನಾ ಶುಲ್ಕ’ ಎಂದು ಅಚ್ಚಾಗಿತ್ತು. ಅಳಿಯ ಅದನ್ನು ಓದಲೂ ಇಲ್ಲ, ಫೋನು ತೋರಿಸಿ ಹಣ ಕಟ್ಟಿ ಹೊರಡಲು ಎದ್ದ. ನಾನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕುರ್ಚಿಯಲ್ಲೇ ಕೂತಿದ್ದೆ.

“ಯಾಕ್ ಮಾವ, ಜಾಸ್ತಿ ಹಾಕವ್ರಾ?” ಎಂದ.

ಜಾಸ್ತಿಯೋ ಕಮ್ಮಿಯೋ, ಅದಲ್ಲ ವಿಷಯ. ಆ ಒಂದು ಸಾಲನ್ನು ಬಾಯಿಬಿಟ್ಟು ಹೇಳಲಾರದೆ ನಾನು ಮಧುಗಿರಿಯಲ್ಲಿ ಮೂರು ವರ್ಷ ಒದ್ದಾಡಿದ್ದೇನೆ. ಹೇಳದೆ ಹೋದದ್ದಕ್ಕೆ ಒಬ್ಬ ಒಳ್ಳೆಯ ಮನುಷ್ಯನ ವ್ಯಾನು ಕೈಬಿಟ್ಟು ಹೋಗುವುದರಲ್ಲಿತ್ತು, ನನ್ನ ಹೆಸರೂ ಅದರ ಜೊತೆಗೇ ಹೋಗುವುದರಲ್ಲಿತ್ತು. ಐಟಿಐ ಮುಗಿಸಿ ಈ ಕೆಲಸಕ್ಕೆ ಬರುತ್ತಿರುವ ಮಕ್ಕಳು ಆಗಾಗ ಮನೆಗೆ ಬಂದು, “ನಿಮ್ ಕಾಲ್ದಾಗೆ ಹೆಂಗಿತ್ತು ತಾತ” ಎಂದು ಕೇಳುತ್ತಾರೆ. ನಟ್ಟು ಬಿಚ್ಚುವುದನ್ನು ನಿಮಗೆ ಯಾರು ಬೇಕಾದರೂ ಕಲಿಸುತ್ತಾರೆ. ಬಿಚ್ಚುವುದಕ್ಕಿಂತ ಮುಂಚಿನ ಅರ್ಧ ಗಂಟೆಯ ಕಥೆಯನ್ನು ನಾನು ಹೇಳುತ್ತೇನೆ, ಕೇಳಿ.

ನಾನು ಕೊರಟಗೆರೆ ಕಡೆಯ ಬೇಸಾಯದ ಮನೆಯವನು. ಎಪ್ಪತ್ತರ ದಶಕದ ಆರಂಭದಲ್ಲಿ ಐಟಿಐ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಶಿರಾದ ಕಾಸಿಂ ಉಸ್ತಾದರ ಗ್ಯಾರೇಜಿಗೆ ಕೆಲಸ ಕೇಳಿಕೊಂಡು ಹೋದೆ. ಒಂದು ತಗಡಿನ ಷೆಡ್ಡು, ಗಾಡಿಯ ಅಡಿಗೆ ಇಳಿಯಲು ಒಂದು ಹೊಂಡ, ಗೋಡೆಯ ತುಂಬ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ, ನಟ್ಟು ಬಿಚ್ಚುವ ಪಾನಾಗಳು. ಉಸ್ತಾದರು ಸಣಕಲು ಮನುಷ್ಯ. ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿರುತ್ತಿದ್ದರು. ಮೂವತ್ತು ವರ್ಷ ಎಂಜಿನ್ನಿನ ಜೊತೆ ಬಾಳಿದವರ ಬಟ್ಟೆಯ ಮೇಲೆ ಒಂದು ಗ್ರೀಸಿನ ಕಲೆಯಿಲ್ಲ. ಈ ಮನುಷ್ಯ ಕೆಲಸಗಾರನೋ ಬಟ್ಟೆ ವ್ಯಾಪಾರಿಯೋ ಎಂದು ನನಗೆ ಅನುಮಾನ ಬಂದದ್ದು ಸುಳ್ಳಲ್ಲ.

ಮೊದಲ ದಿನವೇ ಒಂದು ಲಾರಿ ಬಂತು. ಡ್ರೈವರು ಬಾನೆಟ್ಟು ಎತ್ತಿದ್ದೇ ತಡ, ನಾನು ಗೋಡೆಯಿಂದ ಪಾನಾ ಕಿತ್ತುಕೊಂಡು ಓಡಿದೆ. ನನ್ನ ಚುರುಕುತನ ನೋಡಿ ಉಸ್ತಾದರು ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

“ಪಾನಾ ವಾಪಸ್ ಗೋಡೆಗೆ ಹಾಕು ಬೇಟಾ,” ಎಂದರು. “ಈಗ ನೋಡೋ ಟೈಮು.”

“ಬಿಚ್ಚದೆ ಹೆಂಗೆ ನೋಡೋದು ಉಸ್ತಾದ್?”

“ಕೈಯಲ್ಲಿ ಪಾನಾ ಇದ್ರೆ ಕೈಗೆ ತುರಿಕೆ ಹತ್ತುತ್ತೆ. ಬಿಚ್ಚು, ಬಿಚ್ಚು ಅಂತದೆ. ಆಮೇಲೆ ಅದು ಕಣ್ಣಿನ ಮಾತು ಕೇಳಲ್ಲ. ಕೈ ಹಿಂದಕ್ಕೆ ಕಟ್ಟು.”

ಅದು ಆ ಗ್ಯಾರೇಜಿನ ಕಟ್ಟಳೆ. ನೋಡುವಾಗ ಯಾರೂ ಏನನ್ನೂ ಮುಟ್ಟಬಾರದು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಲ್ಲಬೇಕು. ಉಸ್ತಾದರು ಹಾಗೇ ನಿಂತು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದರು. ಆಮೇಲೆ ಡ್ರೈವರನ್ನು ಬೆಂಚಿನ ಮೇಲೆ ಕೂರಿಸಿ ಕೇಳುತ್ತಿದ್ದರು. ಬೆಳಿಗ್ಗೆ ಹಿಂಗಾಗುತ್ತಾ, ಮಧ್ಯಾಹ್ನನಾ? ಏರಲ್ಲೋ, ಇಳಿಜಾರಲ್ಲೋ? ಗಾಡಿ ಖಾಲಿ ಇದ್ದಾಗಲೋ, ಲೋಡು ಇದ್ದಾಗಲೋ? ಇದಕ್ಕೆ ಮುಂಚೆ ಯಾರು ಕೈ ಹಾಕಿದ್ದರು? ಮನೆಗೆ ಹೆಣ್ಣು ತರುವವರೂ ಅಷ್ಟು ವಿಚಾರಿಸುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಮುಂಚೆ, ಬಾನೆಟ್ಟು ಎತ್ತುವುದಕ್ಕೂ ಮುಂಚೆ, ಮೂರು ರೂಪಾಯಿ ಕೇಳುತ್ತಿದ್ದರು. ಅದಕ್ಕೆ ಅವರ ಬಾಯಲ್ಲಿ ‘ನೋಡಿದ ಕೂಲಿ’ ಎಂದೇ ಹೆಸರು. ಆಗ ಮೂರು ರೂಪಾಯಿಗೆ ಎರಡು ಹೊತ್ತಿನ ಊಟ ಆಗಿ ಎಲೆ ಅಡಿಕೆಗೂ ಮಿಗುತ್ತಿತ್ತು. ಕೊಟ್ಟವನಿಗೆ ರೋಗ ಏನೆಂದು ಹೇಳುತ್ತಿದ್ದರು. ರಿಪೇರಿಯನ್ನು ಇಲ್ಲೇ ಮಾಡಿಸಬೇಕೆಂದೇನಿಲ್ಲ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹೇಳಿದ್ದು ತಪ್ಪಾದರೆ ಮೂರು ರೂಪಾಯಿ ವಾಪಸ್ಸು, ಅದನ್ನೂ ತಾವೇ ಹೋಗಿ ಕೊಟ್ಟು ಬರುತ್ತೇನೆ ಎನ್ನುತ್ತಿದ್ದರು.

ಜನಕ್ಕೆ ಇದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಾಮಾನು ಹಾಕಿದರೆ ದುಡ್ಡು ಸರಿ, ಬಿಚ್ಚಿ ಜೋಡಿಸಿದರೂ ಸರಿ. ಕೈ ಕಟ್ಟಿಕೊಂಡು ನಿಂತು ಮಾತಾಡಿಸಿದ್ದಕ್ಕೆ ಯಾಕೆ ಕೊಡಬೇಕು? ಒಂದು ಸಲ ಮದಲೂರಿನ ಗೌಡರೊಬ್ಬರು ಜೀಪು ತಂದರು. ಮೂವತ್ತು ಮೈಲಿ ವೇಗ ದಾಟಿದರೆ ಸ್ಟಿಯರಿಂಗು ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತಂತೆ. ಉಸ್ತಾದರು ಮೂರು ರೂಪಾಯಿ ಕೇಳಿದರು.

“ನೋಡಾಕೂ ಕಾಸಾ ಸಾಬ್ರೇ? ನಾಳೆ ಸಲಾಮ್ ಹೊಡ್ದಿದ್ದಕ್ಕೂ ಬಿಲ್ ಬರೀತೀಯೇನೋ.”

“ಸಲಾಮ್ ಮುಫತ್ತು ಗೌಡ್ರೇ, ಎಷ್ಟು ಬೇಕೋ ತಗೊಳ್ಳಿ. ನೋಡೋದು ಮೂರು ರೂಪಾಯಿ.”

ಗೌಡರು ಜೀಪು ತಿರುಗಿಸಿಕೊಂಡು ಹೊರಟೇ ಹೋದರು. ಮೂರು ವಾರ ಬಿಟ್ಟು ಬಂದರು. ಅಷ್ಟರಲ್ಲಿ ಬೇರೆ ಎಲ್ಲೋ ಸ್ಟಿಯರಿಂಗಿನ ಕೀಲುಗಳನ್ನೆಲ್ಲ ಹೊಸದು ಹಾಕಿಸಿದ್ದರು, ಬೇರಿಂಗು ಬದಲಾಯಿಸಿದ್ದರು, ಎರಡು ಸಲ ಸ್ಪ್ರಿಂಗಿನ ಪಟ್ಟಿ ಬಿಗಿಸಿದ್ದರು. ನಡುಕ ಹಾಗೇ ಇತ್ತು. ಮೂರು ರೂಪಾಯಿ ಬೆಂಚಿನ ಮೇಲಿಟ್ಟರು.

“ಯಾವತ್ತಿಂದ ಗೌಡ್ರೇ?”

“ಹೊಲಕ್ಕೆ ಗೋಡ್ಮಣ್ಣು ಹೊಡ್ಸಾಕೆ ಅಂತ ಕೆರೆ ಅಂಗಳಕ್ಕೆ ಜೀಪ್ ಇಳ್ಸಿದ್ದೆ. ಅವತ್ತಿಂದ.”

ಉಸ್ತಾದರು ಕೈ ಹಿಂದಕ್ಕೆ ಕಟ್ಟಿಕೊಂಡೇ ಬಗ್ಗಿ ಮುಂದಿನ ಚಕ್ರದ ಒಳಮಗ್ಗುಲು ನೋಡಿದರು. ಆಮೇಲೆ ಗೌಡರನ್ನು ಕರೆದು, “ನೀವೇ ಕೈ ಹಾಕಿ,” ಎಂದರು. ಗೌಡರು ಕೈ ಹಾಕಿ ಎಳೆದರೆ ಚಕ್ರದ ಒಂದೇ ಪಕ್ಕಕ್ಕೆ ಅಂಟಿಕೊಂಡು ಇಟ್ಟಿಗೆಯ ಹಾಗೆ ಒಣಗಿದ್ದ ಕೆರೆಗೋಡಿನ ಹೆಂಟೆ ಬಂತು. ಚಕ್ರದ ಒಂದು ಮಗ್ಗುಲು ಭಾರವಾದರೆ ಅದು ನಡುಗದೆ ಇನ್ನೇನು ಮಾಡೀತು? ಗೌಡರು ಆ ಹೆಂಟೆಯನ್ನು ಅಂಗೈಯಲ್ಲಿ ತೂಗಿ ನೋಡಿ, “ನಮ್ ಕೆರೆ ಮಣ್ಣು ಇಷ್ಟೊಂದು ತುಟ್ಟಿ ಅಂತ ಗೊತ್ತಿರ್ಲಿಲ್ಲ ಸಾಬ್ರೇ,” ಎಂದರು. ಆಮೇಲೆ ಆ ಸೀಮೆಯಲ್ಲಿ ಉಸ್ತಾದರಿಗೆ ಅವರಿಗಿಂತ ದೊಡ್ಡ ಪ್ರಚಾರಕ ಇರಲಿಲ್ಲ.

ಅವತ್ತು ಸಂಜೆ ಕೈತೊಳೆಯುತ್ತ ಉಸ್ತಾದರು ನನಗೊಂದು ಮಾತು ಹೇಳಿದರು. “ನೋಡಿದ್ದಕ್ಕೆ ಕೊಡದೋನು, ನೋಡದೇ ಬಿಟ್ಟಿದ್ದಕ್ಕೆ ಕೊಡ್ತಾನೆ ರಂಗಾ. ಜಾಸ್ತಿ ಕೊಡ್ತಾನೆ.” ನಾನು ತಲೆಯಾಡಿಸಿದೆ. ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ.

ಉಸ್ತಾದರು ತಪ್ಪೇ ಮಾಡುತ್ತಿರಲಿಲ್ಲ ಎಂದುಕೊಳ್ಳಬೇಡಿ. ಪಾವಗಡದ ವೆಂಕಟೇಶಲು ಎಂಬ ಲಾರಿ ಮಾಲೀಕ ಒಮ್ಮೆ ಬಂದಿದ್ದ. ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿಯಾಗುತ್ತೆ ಎಂದ. ಉಸ್ತಾದರು ನೋಡಿ ಡೈನಮೋ ಹೋಗಿದೆ ಎಂದರು. ಅವನು ಊರಿಗೆ ಹೋಗಿ ಡೈನಮೋ ಬಿಚ್ಚಿಸಿದ, ಅದು ಗಟ್ಟಿಮುಟ್ಟಾಗಿತ್ತು. ಹಾರನ್ನಿನ ತಂತಿಯೊಂದು ಸವೆದು ಲಾರಿಯ ಕಬ್ಬಿಣದ ಚಾಸಿಗೆ ತಗುಲುತ್ತಿತ್ತು, ಅಷ್ಟೇ. ವೆಂಕಟೇಶಲು ಅದನ್ನು ದೊಡ್ಡದು ಮಾಡಲಿಲ್ಲ. ಪಾವಗಡದ ಇನ್ನೊಬ್ಬ ಡ್ರೈವರು ಮಾತಿಗೆ ಮಾತು ಬಂದು ಉಸ್ತಾದರ ಮುಂದೆ ಹೇಳಿಬಿಟ್ಟ. ಮಾರನೇ ದಿನ ಉಸ್ತಾದರು ಇಸ್ತ್ರಿ ಅಂಗಿ ಹಾಕಿಕೊಂಡು, “ನಡೀ ರಂಗಾ,” ಎಂದು ನನ್ನನ್ನೂ ಬಸ್ಸು ಹತ್ತಿಸಿದರು. ಒಬ್ಬೊಬ್ಬರ ಟಿಕೆಟ್ಟೇ ಮೂರು ರೂಪಾಯಿಗಿಂತ ಜಾಸ್ತಿಯಾಯಿತು. ವೆಂಕಟೇಶಲು ಮನೆ ಮುಂದೆ ಕಡಲೇಕಾಯಿ ಮೂಟೆ ಹೊಲಿಸುತ್ತಿದ್ದವನು ನಮ್ಮನ್ನು ಕಂಡು ಗಾಬರಿಯಾಗಿ ಎದ್ದ.

“ಏಮಿ ಸಾಬು, ಮೂಡು ರೂಪಾಯಲ ಕೋಸಂ ಇಂತ ದೂರಂ ವಚ್ಚಾವಾ? ಮೂರ್ ರೂಪಾಯ್ಗೆ ಇಷ್ಟ್ ದೂರ ಬರೋದಾ? ಒಂದ್ ಕಾಗ್ದ ಬರ್ದಿದ್ರೆ ನಾನೇ ಮರ್ತುಬುಡು ಅಂತಿದ್ದೆ ಕದಾ.”

“ಮರೆಯೋದು ನಿಂದು ವೆಂಕಟೇಶಲು. ಕೊಡೋದು ನಂದು,” ಎಂದು ಉಸ್ತಾದರು ಅವನ ಕೈಯಲ್ಲಿ ಮೂರು ನೋಟಿಟ್ಟು, “ನಾನು ತಪ್ಪು ನೋಡಿದ್ದೆ,” ಎಂದರು. ಆಳುಗಳೆಲ್ಲ ಸೂಜಿ ನಿಲ್ಲಿಸಿ ಕೇಳುತ್ತಿದ್ದರು. ನನಗೇ ನಾಚಿಕೆಯಾಗಿ ತಲೆ ತಗ್ಗಿಸಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಉಸ್ತಾದರು ನಿರಾಳವಾಗಿ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದರು. ಆ ನಿದ್ದೆಯ ಬೆಲೆ ನನಗಾಗ ತಿಳಿದಿರಲಿಲ್ಲ.

ಈಗ ನೀವು ತಂತಿಯೊಂದನ್ನು ಚುಚ್ಚಿದರೆ ಪರದೆಯ ಮೇಲೆ ರೋಗದ ನಂಬರು ಬರುತ್ತದೆ. ನಮಗೆ ಪರದೆಯಿಲ್ಲ. ಕೈ ಕಟ್ಟಿ ನೋಡಿ, ವಿಚಾರಿಸಿ ಆದ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗಿಟ್ಟರೆ ಒಳಗಿನ ಬೇರಿಂಗು ಅಳುವುದು ಕೇಳುತ್ತಿತ್ತು. ಹೊಗೆ ಉಗುಳುವ ಕೊಳವೆಗಳ ಮೇಲೆ ಒಂದೊಂದು ಹನಿ ನೀರು ಚಿಮುಕಿಸಿದರೆ, ಯಾವುದರ ಮೇಲೆ ಹನಿ ಚುರ್ರೆನ್ನುವುದಿಲ್ಲವೋ ಆ ಸಿಲಿಂಡರು ಕೆಲಸ ಮಾಡುತ್ತಿಲ್ಲ. ಉಸ್ತಾದರು ಇದನ್ನೆಲ್ಲ ಕಲಿಸಿದರು. ಆದರೆ ಪರದೆಯಾಗಲಿ ಕಿವಿಯಾಗಲಿ, ಗಾಡಿ ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಕೆಡುತ್ತದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಗಾಡಿಯವನ ಬಾಯಿಂದಲೇ ಕೇಳಬೇಕು. ಕೇಳುವುದಕ್ಕೆ ಹೊತ್ತು ಬೇಕು. ಹೊತ್ತಿಗೆ ಕೂಲಿ ಬೇಕು.

ಎಂಟು ವರ್ಷ ಅವರ ಕೈಕೆಳಗಿದ್ದು, ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮಧುಗಿರಿಯಲ್ಲಿ ನನ್ನದೇ ಷೆಡ್ಡು ಹಾಕಿದೆ. ಗೋಡೆಗೆ ಮೊಳೆ ಹೊಡೆದು ಪಾನಾ ನೇತುಹಾಕಿದೆ, ಉಸ್ತಾದರದ್ದೇ ಥರ. ಬೆಂಚೂ ಹಾಕಿಸಿದೆ. ಒಂದನ್ನು ಮಾತ್ರ ಅವರಂತೆ ಮಾಡಲಾಗಲಿಲ್ಲ. ನೋಡಿದ ಕೂಲಿ ಕೇಳಲು ಬಾಯೇ ಬರಲಿಲ್ಲ.

ನನ್ನನ್ನು ಬೆಳೆಸಿದ್ದು ನಮ್ಮಜ್ಜಿ. ಊರಿನ ಎಳೆಮಕ್ಕಳಿಗೆ ಮೈ ಬಿಸಿಯಾದರೆ, ಹಾಲು ಕಕ್ಕಿದರೆ, ಅಜ್ಜಿಯ ಮಡಿಲಿಗೆ ತಂದು ಹಾಕುತ್ತಿದ್ದರು. ಅಜ್ಜಿ ಮಗುವಿನ ನೆತ್ತಿ ಮುಟ್ಟಿ, ನಾಲಿಗೆ ನೋಡಿ ಏನೆಂದು ಹೇಳುತ್ತಿದ್ದಳು. “ನೋಡಿದ್ದಕ್ಕೂ ನುಡಿದಿದ್ದಕ್ಕೂ ಕಾಸು ಕೇಳಬಾರ್ದು ಕಣಪ್ಪ,” ಎನ್ನುತ್ತಿದ್ದಳು. ಅದು ನನ್ನ ರಕ್ತದಲ್ಲಿ ಇಳಿದಿತ್ತು. ಮೇಲಾಗಿ ಮಧುಗಿರಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ನಮ್ಮ ಕಡೆಯವರೇ. ಮಾವ, ದೊಡ್ಡಪ್ಪ, ಅಕ್ಕನ ಮೈದುನ. ಅವರ ಹತ್ತಿರ ಮೂರು ರೂಪಾಯಿ ಕೇಳುವುದೆಂದರೆ ನಮ್ಮಜ್ಜಿಗೆ ಬೈಸಿದ ಹಾಗೆ. ಹಾಗಾಗಿ ಪುಕ್ಕಟೆ ನೋಡಿದೆ.

ನೋಡಿದ್ದು ಪುಕ್ಕಟೆಯಾದ ಮೇಲೆ ಏನಾಗುತ್ತದೆ ಎಂಬುದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ನೋಡುವ ಹೊತ್ತು ತಾನಾಗಿಯೇ ಕಮ್ಮಿಯಾಗುತ್ತದೆ. ಅರ್ಧ ಗಂಟೆ ಹತ್ತು ನಿಮಿಷವಾಗುತ್ತದೆ, ಹತ್ತು ನಿಮಿಷ ಒಂದು ಇಣುಕು ನೋಟವಾಗುತ್ತದೆ. ಬಾಡಿಗೆ ಕಟ್ಟಬೇಕಲ್ಲ, ಅದು ಬಿಚ್ಚುವುದರಿಂದ, ಸಾಮಾನು ಹಾಕುವುದರಿಂದಲೇ ಹುಟ್ಟಬೇಕು. ಮೋಸ ಮಾಡಬೇಕೆಂದು ಒಂದು ದಿನವೂ ಎದ್ದವನಲ್ಲ ನಾನು. ಆದರೆ ಕೈಗೆ ತುರಿಕೆ ಹತ್ತಿತ್ತು.

ಆಗ ಬಂದವನು ಚಿಕ್ಕಣ್ಣ. ಹುಲಿಕುಂಟೆ ಕಡೆಯ ಕುರಿ ಸಾಕುವ ಮನೆತನದವನು. ನನಗಿಂತ ಹತ್ತು ವರ್ಷ ದೊಡ್ಡವನು, ಹೆಗಲ ಮೇಲೆ ಕಂಬಳಿ, ಮಾತು ಮೆಲ್ಲಗೆ. ಅವನ ದಾಯಾದಿಗಳ ಆರು ಮನೆಯವರು ಸೇರಿ ಒಂದು ಹಳೇ ಡೀಸೆಲ್ ವ್ಯಾನು ಕೊಂಡಿದ್ದರು. ಸಂತೆಗೆ ಕುರಿ ಸಾಗಿಸಲು, ಹಿಂಡು ಮೇವಿಗಾಗಿ ದೂರ ಹೋದಾಗ ನಡೆಯಲಾರದ ಎಳೆಮರಿಗಳನ್ನು ಹಾಕಿಕೊಳ್ಳಲು. ಬೇಡವೆಂದ ಐದು ಮನೆಯವರನ್ನು ಒಪ್ಪಿಸಿದವನು ಚಿಕ್ಕಣ್ಣನೇ. ಈಗ ಆ ವ್ಯಾನು ಇಪ್ಪತ್ತು ಮೈಲಿ ಓಡಿದರೆ ಸಾಕು, ಉಸಿರು ಕಟ್ಟಿ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟು ಡೀಸೆಲ್ಲಿನ ಕೈಪಂಪು ಹೊಡೆದರೆ ಮತ್ತೆ ಹೊರಡುತ್ತಿತ್ತು.

“ಉಣ್ಣೆ ಕತ್ರಿಸೋ ಹೊತ್ಗೆ ಸರಿ ಆಗ್ಲಿಲ್ಲ ಅಂದ್ರೆ ಮಾರ್ಬುಡಾನ ಅಂತವ್ರೆ ರಂಗಣ್ಣ,” ಎಂದ. “ಮಾರಿದ್ರೆ ಮಾರ್ಲಿ. ಆದ್ರೆ ಇನ್ಮ್ಯಾಕೆ ಆರು ಮನೇಲಿ ನನ್ ಮಾತು ಯಾರು ಕೇಳ್ತಾರೆ?”

ನಾನು ಗಾಡಿಯ ಸುತ್ತ ಸುತ್ತಿದೆ. ಕೈ ಹಿಂದಕ್ಕೆ ಕಟ್ಟಿರಲಿಲ್ಲ. ಡೀಸೆಲ್ ಟ್ಯಾಂಕಿನ ಮುಚ್ಚಳ ಕಣ್ಣಿಗೆ ಬಿತ್ತು. ಹದ ಮಾಡಿದ ಕುರಿಚರ್ಮವನ್ನು ದುಂಡಗೆ ಕತ್ತರಿಸಿ ಮುಚ್ಚಳದ ಒಳಗೆ ಅಂದವಾಗಿ ಕೂರಿಸಿದ್ದ.

“ಇದೇನ್ ಚಿಕ್ಕಣ್ಣ, ಒಳ್ಳೆ ಕಸೂತಿ ಮಾಡಿದ್ದೀಯ.”

“ಮುಚ್ಳ ಸಡ್ಲ ಇತ್ತು, ಡೀಸೆಲ್ ಚೆಲ್ಲಿ ಮರಿಗಳ ಮೈಗೆ ಆಗ್ತಿತ್ತು. ಆ ವಾಸ್ನೆ ಇದ್ರೆ ತಾಯಿ ಮರೀನ ತನ್ದಲ್ಲ ಅಂತ ಒದ್ದುಬುಡ್ತದೆ, ಮೊಲೆ ಕೊಡಲ್ಲ. ಅದಕ್ಕೇ ಗಾಳಿನೂ ಆಡ್ದಂಗೆ ಬಿಗಿ ಮಾಡ್ದೆ.”

ಕುರಿ ಕಾಯುವವನಿಗಲ್ಲದೆ ಇನ್ನಾರಿಗೆ ಹೊಳೆದೀತು ಇದು. ಮೆಚ್ಚಿದೆ, ಬೆನ್ನು ತಟ್ಟಿದೆ, ಮುಂದಕ್ಕೆ ಹೋದೆ. ಡೀಸೆಲ್ ಎಳೆಯುವ ಪಂಪಿನದೇ ತಕರಾರು ಎಂದು ತೀರ್ಮಾನಿಸಿ ಅದನ್ನು ಬಿಚ್ಚಿದೆ. ಸರಿಮಾಡಿಸಿ ಹಾಕಿ, ಊರಿನ ಸುತ್ತ ನಾಲ್ಕು ಮೈಲಿ ಓಡಿಸಿ, ಸರಿಯಾಗಿದೆ ಎಂದು ಕೂಲಿ ತಗೊಂಡು ಕಳಿಸಿದೆ. ಎಂಟು ದಿನಕ್ಕೆ ವಾಪಸ್ಸು ಬಂದ. ಈ ಸಲ ಎಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮುವ ನಾಜಲ್ಲುಗಳನ್ನು ಹೊಸದು ಹಾಕಿದೆ. ಮತ್ತೆ ನಾಲ್ಕು ಮೈಲಿ ಓಡಿಸಿದೆ. ಮತ್ತೆ ಕೂಲಿ.

ಚಿಕ್ಕಣ್ಣ ಎರಡು ಸಲವೂ ಹೇಳಿದ್ದ: “ಇಪ್ಪತ್ತು ಮೈಲಿ ಆದ್ಮ್ಯಾಕೆ ರಂಗಣ್ಣ. ಒಂದ್ ಸಲ ಜೊತೇಲಿ ಬಂದು ನೋಡ್ಬಾರ್ದಾ?” ಇಪ್ಪತ್ತು ಮೈಲಿ ಹೋಗಿ ಬರುವುದೆಂದರೆ ಅರ್ಧ ದಿನ. ಆ ಅರ್ಧ ದಿನಕ್ಕೆ ಯಾರು ಕೊಡುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡು, “ಬೇಕಾಗಿಲ್ಲ ಬುಡು, ಗೊತ್ತಾಯ್ತು,” ಎಂದಿದ್ದೆ.

ಮೂರನೇ ಸಲ ಬಂದಾಗ ಉಣ್ಣೆ ಕತ್ತರಿಸಲು ಹತ್ತು ದಿನವಿತ್ತು. ಚಿಕ್ಕಣ್ಣ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ನಿಮ್ ಉಸ್ತಾದ್ರು ಅಂತ ಹೇಳ್ತಿದ್ಯಲ್ಲ, ಅವ್ರತ್ರ ಹೋಗಾನ ನಡೀ,” ಎಂದ. ಹೋಗದೆ ಗತಿಯಿರಲಿಲ್ಲ. ಶಿರಾ ಸೇರುವುದರೊಳಗೆ ವ್ಯಾನು ನನ್ನ ಕಣ್ಣೆದುರಿಗೇ ನಿಂತಿತು. ಕೈಪಂಪು ಹೊಡೆಯುತ್ತ ರಸ್ತೆ ಬದಿಯಲ್ಲಿ ಬೆವತೆ.

ಉಸ್ತಾದರು ನನ್ನನ್ನು ನೋಡಿ ನಕ್ಕರು, ಆಮೇಲೆ ವ್ಯಾನಿನ ಕಡೆ ತಿರುಗಿದರು. “ನೋಡಿದ ಕೂಲಿ ಮೂರು ರೂಪಾಯಿ,” ಎಂದರು. ಸರಕಿನ ಬೆಲೆಯೆಲ್ಲ ಏರಿದ್ದರೂ ಅವರು ಅದನ್ನು ಏರಿಸಿರಲಿಲ್ಲ. ಚಿಕ್ಕಣ್ಣ ಸೊಂಟದ ಚೀಲ ಬಿಚ್ಚಿ ಕೊಟ್ಟ. ನನಗೆ ಆಶ್ಚರ್ಯವಾಯಿತು.

“ಯಾಕೆ ಅಂತ ಕೇಳಲ್ವಾ ಚಿಕ್ಕಣ್ಣ?”

“ಏನ್ ಕೇಳೋದು. ನಮ್ಮಲ್ಲಿ ಕುರಿ ನೋಡೋ ಅಜ್ಜ ಒಬ್ಬವ್ನೆ. ಹಿಂಡಿಗೆ ಏನಾರ ತಗುಲ್ಕಂಡ್ರೆ ಬಂದು ಒಂದ್ ದಿನ ಹಿಂಡಿನ ಹಿಂದೇನೇ ಸುತ್ತಿ, ಇಂತದ್ದು ಅಂತ ಹೇಳ್ತಾನೆ. ಒಂದು ಕುರಿ ಉಣ್ಣೆ ಅವ್ನಿಗೆ. ಕುರಿ ಉಳುದ್ರೂ ಅಷ್ಟೇ, ಸತ್ರೂ ಅಷ್ಟೇ. ಔಸ್ದಿ ಕೊಡೋನು ಬ್ಯಾರೆ.” ಆಮೇಲೆ ನನ್ನ ಕಡೆ ತಿರುಗಿ, ಅದೇ ಮೆಲುದನಿಯಲ್ಲಿ, “ನೀನು ಕೇಳ್ಲಿಲ್ಲ, ನಾನು ಕೊಡ್ಲಿಲ್ಲ ಕಣ್ಲಾ,” ಎಂದ.

ಮೂರು ವರ್ಷ ಯಾರೂ ಕೊಡುವುದಿಲ್ಲ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಕೊಡುವವನು ನನ್ನ ಬೆಂಚಿನ ಮೇಲೇ ಎರಡು ಸಲ ಕೂತು ಎದ್ದು ಹೋಗಿದ್ದ.

ಉಸ್ತಾದರು ಅರ್ಧ ಗಂಟೆ ವಿಚಾರಿಸಿದರು. ಬಾನೆಟ್ಟು ಎತ್ತಲೇ ಇಲ್ಲ. ಎರಡು ಕ್ಯಾನು ಡೀಸೆಲ್ ಹಾಕಿಸಿ, “ಮುಚ್ಚಳ ನೀನೇ ಹಾಕು. ದಿನಾ ಹೆಂಗೆ ಹಾಕ್ತೀಯೋ ಹಂಗೇ,” ಎಂದರು. ಚಿಕ್ಕಣ್ಣ ಮೈಯೆಲ್ಲ ಬಲ ಹಾಕಿ ಬಿಗಿದ. ಮೂವರೂ ಕೂತು ಹುಲಿಕುಂಟೆ ದಿಕ್ಕಿಗೆ ಹೊರಟೆವು. ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಎಂದರು ಉಸ್ತಾದರು. ದಾರಿಯಲ್ಲಿ ಅವರು ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಒಂದು ಹೊಂಗೆಮರದ ಹತ್ತಿರ ವ್ಯಾನು ಎರಡು ಸಲ ಕೆಮ್ಮಿ ನಿಂತಿತು.

ಉಸ್ತಾದರು ಇಳಿದರು. ಕೈ ಹಿಂದಕ್ಕೆ ಕಟ್ಟಿ ಒಂದು ಸುತ್ತು ಬಂದರು. ಟ್ಯಾಂಕಿನ ಹತ್ತಿರ ನಿಂತು, “ಎಲ್ಲ ಸುಮ್ಮನಿರಿ. ಚಿಕ್ಕಣ್ಣ, ಈಗ ಮುಚ್ಚಳ ತಿರುಗಿಸು, ಮೆಲ್ಲಗೆ,” ಎಂದರು.

ಚಿಕ್ಕಣ್ಣ ತಿರುಗಿಸಿದ. ಟ್ಯಾಂಕಿನೊಳಗಿಂದ ಉದ್ದನೆಯ ಸುಯ್ಯೆನ್ನುವ ಸದ್ದು ಬಂತು.

“ಇದೇನ್ ಸಾಬ್ರೇ, ಉಸ್ರು ಬುಡ್ತು ಗಾಡಿ.”

“ಬಿಡಲಿಲ್ಲ, ಎಳ್ಕೊಂಡಿತು. ಎಂಜಿನ್ನು ಡೀಸೆಲ್ ಕುಡೀತಾ ಹೋದಂಗೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೇ ಮುಚ್ಚಳದಲ್ಲಿ ಸಣ್ಣ ತೂತು ಇಟ್ಟಿರ್ತಾರೆ. ನಿನ್ನ ಚರ್ಮ ಅದನ್ನ ಮುಚ್ಚಿದೆ. ಇಪ್ಪತ್ತು ಮೈಲಿ ಹೋಗೋದ್ರಲ್ಲಿ ಒಳಗೆ ಗಾಳಿ ಇಲ್ದೆ ಡೀಸೆಲ್ ಮುಂದಕ್ಕೆ ಹರಿಯಲ್ಲ.” ಎರಡು ಸಲ ಕೈಪಂಪು ಹೊಡೆಯುತ್ತಲೂ ವ್ಯಾನು ಹೊರಟಿತು. ಚಿಕ್ಕಣ್ಣ ಚರ್ಮ ಕಿತ್ತು ಎಸೆಯಹೋದ. ಉಸ್ತಾದರು ಅವನ ಕೈ ಹಿಡಿದರು. “ಎಸೀಬೇಡ. ಮರಿಗೆ ವಾಸನೆ ತಾಗಬಾರದು ಅನ್ನೋ ನಿನ್ನ ಬುದ್ಧಿ ಸರಿ ಇದೆ. ಮುಚ್ಚಳದ ತೂತಿನ ನೇರಕ್ಕೆ ಒಂದು ತೂತು ಹಾಕು, ಸಾಕು.” ಚಿಕ್ಕಣ್ಣ ಕಂಬಳಿ ಹೊಲಿಯುವ ದಬ್ಬಳ ತೆಗೆದು ಚುಚ್ಚಿದ.

ಅಷ್ಟೇ. ಪಂಪು, ನಾಜಲ್ಲು, ಎರಡು ಸಲದ ಕೂಲಿ, ಎಲ್ಲದರ ಮದ್ದು ಒಂದು ದಬ್ಬಳದ ತೂತು. ಆ ಚರ್ಮವನ್ನು ನಾನು ಮೊದಲ ದಿನವೇ ಕಂಡಿದ್ದೆ, ಹೊಗಳಿದ್ದೆ. ನೋಡಿರಲಿಲ್ಲ.

ಶಿರಾಕ್ಕೆ ವಾಪಸ್ಸು ಬಂದ ಮೇಲೆ ಉಸ್ತಾದರು ನನ್ನ ಮುಂದೆ ಕೈ ಚಾಚಿದರು. “ಮೂರು ರೂಪಾಯಿ ಕೊಡು.”

“ಚಿಕ್ಕಣ್ಣ ಕೊಟ್ಟನಲ್ಲ ಉಸ್ತಾದ್.”

“ಅದು ಗಾಡಿ ನೋಡಿದ್ದಕ್ಕೆ. ಇದು ನಿನ್ನ ನೋಡಿದ್ದಕ್ಕೆ.” ಕೊಟ್ಟೆ. ಜೇಬಿಗೆ ಹಾಕಿಕೊಂಡು ಹೇಳಿದರು: “ನೀನು ಸಾಮಾನು ಮಾರೋನಾದೆ ರಂಗಾ. ಇನ್ನು ಮೆಕ್ಯಾನಿಕ್ ಆಗಲ್ಲ.” ದನಿಯಲ್ಲಿ ಕೋಪವಿರಲಿಲ್ಲ. ಡೈನಮೋ ಹೋಗಿದೆ ಎನ್ನುವ ಹಾಗೆ ಹೇಳಿದರು.

ಚಿಕ್ಕಣ್ಣನಿಂದ ತಗೊಂಡದ್ದನ್ನೆಲ್ಲ ಎರಡು ತಿಂಗಳಲ್ಲಿ ಹೊಂದಿಸಿಕೊಂಡು ಅವನ ಹಟ್ಟಿಗೇ ಹೋದೆ. ಕೂಲಿಯಷ್ಟನ್ನು ಎಣಿಸಿಕೊಂಡು ಉಳಿದದ್ದನ್ನು ನನ್ನ ಕಡೆ ನೂಕಿದ. “ನಾಜಲ್ ನನ್ ಗಾಡ್ಯಾಗೇ ಅವೆಯಲ್ಲ, ಅದಕ್ ಯಾಕೆ ವಾಪಸ್ಸು.” ಉಣ್ಣೆ ಕತ್ತರಿಸುವುದು ಮುಗಿದಿತ್ತು. ವ್ಯಾನು ಅಂಗಳದಲ್ಲೇ ನಿಂತಿತ್ತು, ಯಾರೂ ಮಾರುವ ಮಾತಾಡುತ್ತಿರಲಿಲ್ಲ.

ಮಧುಗಿರಿಗೆ ಬಂದು ಒಂದು ತಗಡಿನ ಮೇಲೆ ‘ನೋಡಿದ ಕೂಲಿ ಮೂರು ರೂಪಾಯಿ. ತಪ್ಪಾದರೆ ವಾಪಸ್ಸು’ ಎಂದು ಬರೆಸಿ ಪಾನಾಗಳ ಪಕ್ಕದಲ್ಲೇ ನೇತುಹಾಕಿದೆ. ಬೆಂಚಿನ ಮೇಲೆ ಕೂತವರಿಗೆ ಅದೊಂದು ನಗೆಪಾಟಲಾಯಿತು. ನಮ್ಮ ಸೋದರಮಾವ ಓದಿ, “ಲೇ ರಂಗ, ನಿಮ್ಮಜ್ಜಿ ಊರ್ ಮಕ್ಳನ್ನೆಲ್ಲ ನೋಡ್ದೋಳು. ಒಂದ್ ಕಾಸ್ ಮುಟ್ಲಿಲ್ಲ ಕಣ್ಲಾ,” ಎಂದ. “ಅಜ್ಜಿಗೆ ಷೆಡ್ಡಿನ ಬಾಡಿಗೆ ಇರ್ಲಿಲ್ಲ ಮಾವ,” ಎಂದೆ. ಅವನು ಗಾಡಿ ತಗೊಂಡು ಬೇರೆ ಕಡೆ ಹೋದ. ಅವನಂತೆ ಇನ್ನೂ ಐದಾರು ಜನ ಹೋದರು. ಒಂದು ತಿಂಗಳು ಒಬ್ಬನೂ ಮೂರು ರೂಪಾಯಿ ಕೊಡಲಿಲ್ಲ. ತಗಡು ಇಳಿಸಿಬಿಡೋಣ ಎಂದು ಎಷ್ಟು ಸಲ ಏಣಿ ಹತ್ತಿದೆನೋ.

ಒಂದು ಸಂತೆ ದಿನ, ಬೆಂಚು ತುಂಬ ಜನ ಇದ್ದಾಗ, ಚಿಕ್ಕಣ್ಣನ ವ್ಯಾನು ಬಂತು. ಇಳಿದವನೇ, “ನೋಡಪ್ಪ,” ಎಂದ.

“ಏನಾಗಿದೆ?”

“ಅದ ನೀನ್ ಹೇಳ್ಬೇಕು.”

ಪಾನಾ ಗೋಡೆಯ ಮೇಲೆ ಬಿಟ್ಟು ಕೈ ಹಿಂದಕ್ಕೆ ಕಟ್ಟಿದೆ. ಸುತ್ತು ಬಂದೆ, ವಿಚಾರಿಸಿದೆ, ಅವನ ಜೊತೆ ಕೂತು ಇಪ್ಪತ್ತೆರಡು ಮೈಲಿ ಹೋಗಿ ಬಂದೆ. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಬೆಂಚಿನವರು ಇನ್ನೂ ಕೂತಿದ್ದರು, ತಮಾಷೆ ನೋಡಲು. ಒಂದು ಬೋಲ್ಟು ಸಡಿಲವಿದ್ದಿದ್ದರೂ ಸಾಕಿತ್ತು, ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಏನೂ ಇರಲಿಲ್ಲ.

“ಏನೂ ಆಗಿಲ್ಲ ಚಿಕ್ಕಣ್ಣ. ಗಾಡಿ ಸರಿಯಾಗಿದೆ,” ಎಂದೆ.

ಬೆಂಚಿನಿಂದ ಒಬ್ಬ ಕಿಸಕ್ಕೆಂದ. ಚಿಕ್ಕಣ್ಣ ಅತ್ತ ತಿರುಗಲಿಲ್ಲ. ವ್ಯಾನಿನ ಹಿಂದಿನಿಂದ ಕರಿ ಉಣ್ಣೆಯ ಒಂದು ಕಟ್ಟು ತಂದು ನನ್ನ ಕೈಗಿಟ್ಟ. “ಒಂದ್ ಕುರೀದು. ಆರು ಮನೆಯೋರು ಸೇರಿ ಕಳ್ಸವ್ರೆ. ನಾಳೆ ಮರಿಗಳ್ನ ಹಾಕ್ಕಂಡು ದೂರ ಹೋಗ್ತಿವ್ನಿ. ಸರಿ ಅದೆ ಅಂತ ಒಬ್ರು ಹೇಳ್ಬೇಕಿತ್ತು,” ಎಂದು ಹೊರಟ. ಬೆಂಚಿನ ಮೇಲೆ ಆಮೇಲೆ ಯಾರೂ ನಗಲಿಲ್ಲ. ಅದೇ ವಾರ ಇಬ್ಬರು ಮೂರು ರೂಪಾಯಿ ಕೊಟ್ಟರು.

ಚಿಕ್ಕಣ್ಣ ಶಿರಾದ ಕುರಿಸಂತೆಗೆ ಹೋದಾಗ ಗ್ಯಾರೇಜಿನಲ್ಲಿ ಇದನ್ನು ಹೇಳಿದ್ದಿರಬೇಕು. ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಹತ್ತರ ಬಸ್ಸಿನಿಂದ ಉಸ್ತಾದರು ಇಳಿದು ನಡೆದು ಬಂದರು. ಇಸ್ತ್ರಿ ಅಂಗಿ, ಕತ್ತಿನವರೆಗೂ ಗುಂಡಿ. ಷೆಡ್ಡಿನ ಮುಂದೆ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡರು. ಪಾನಾಗಳನ್ನು ನೋಡಿದರು. ತಗಡು ಓದಿದರು. ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು. ನಾನು ಎಣ್ಣೆಗೈ ಒರೆಸಿಕೊಳ್ಳುತ್ತ ಬೆಂಚು ತೋರಿಸಿದೆ, ಚಹಾ ತರಿಸುತ್ತೇನೆ ಎಂದೆ.

“ಚಹಾ ಆಮೇಲೆ. ಮೊದಲು ಕೈ ಹಿಡಿ,” ಎಂದರು. ಜೇಬಿನಿಂದ ಮೂರು ನೋಟು ತೆಗೆದು ನನ್ನ ಅಂಗೈಯಲ್ಲಿಟ್ಟು ಮಡಚಿದರು.

“ತಪ್ಪು ನೋಡಿದ್ದೆ ಬೇಟಾ,” ಎಂದರು.